ಟೀಂಬಾಯಿಯ ವಾಹನ

೨೦೧೧ರ ಆಗಸ್ಟ್ ಹದಿನಾರು, ಮಂಗಳವಾರ. ಬಟ್ಟೆಯ ಮೇಲೆ ಇಪ್ಪತ್ತೆಂಟು ಆಕೃತಿಗಳಿದ್ದವು, ಇಪ್ಪತ್ತೊಂಬತ್ತು ಇರಬೇಕಾಗಿತ್ತು. ಮಂಗು ಎರಡು ಸಲ ಎಣಿಸಿದಳು. ಮೇಲಿನ ಸಾಲಿನಲ್ಲಿ ಸೂರ್ಯ, ಚಂದ್ರ, ಗಣೇಶ ಇದ್ದರು. ಎಡಕ್ಕೆ ಆಡಿನ ಮೇಲೆ ಮೇಲಡಿ ಮಾತೆ, ಮೊಸಳೆಯ ಮೇಲೆ ಖೋಡಿಯಾರ್. ಬಲಕ್ಕೆ ಹುಂಜದ ಮೇಲೆ ಬಹುಚರಾ, ಒಂಟೆಯ ಮೇಲೆ ಮೋಮಾಯಿ. ಕೆಳಗೆ ತಾಳ ಹಿಡಿದ ಭಕ್ತರು, ಕಾವಡಿ ಹೊತ್ತ ಶ್ರವಣ, ಹರಕೆಯ ಆಡು. ನಡುವೆ ಗುಡಿಯ ಕಮಾನು, ಅದರ ಎರಡು ಕಂಬ, ಕಂಬಗಳ ಮೇಲೆ ನವಿಲು. ಗುಡಿಯ ಒಳಗೆ ಮಾತ್ರ ಏನೂ ಇರಲಿಲ್ಲ.

ಮಂಗು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷವಾಗಿತ್ತು. ಮಾವ ಶಾಣಾಭಾಯಿ ಕಪ್ಪು ಗೆರೆ ಎಳೆಯುವುದು, ಮನೆಯ ಹೆಂಗಸರು ಗೆರೆಯ ಒಳಗೆ ಕೆಂಪಿಗಾಗಿ ಪಟಿಕದ ಅಂಟು ತುಂಬುವುದು, ಗಂಡ ಗೋರ್ಧನ ಅಂಚಿಗೆ ಅಚ್ಚು ಒತ್ತಿ ಹಂಡೆಯಲ್ಲಿ ಕುದಿಸುವುದು, ಇದು ಮನೆಯ ಕ್ರಮ. ಗುಡಿಯ ಮೆಟ್ಟಿಲು ಹತ್ತಲು ಬಿಡದಿದ್ದ ಕಾಲದಲ್ಲಿ ಬಟ್ಟೆಯಲ್ಲೇ ಗುಡಿ ಕಟ್ಟಿಕೊಂಡ ಜನರಿಗೆ ತಲೆತಲಾಂತರದಿಂದ ಬರೆದುಕೊಟ್ಟ ಮನೆತನ ಅದು. ಆ ಇಪ್ಪತ್ತು ವರ್ಷದಲ್ಲಿ ಮಾವ ನಡುವಿನ ದೇವಿಯನ್ನು ಮೊದಲು ಬರೆಯದೆ ಇದ್ದದ್ದನ್ನು ಮಂಗು ಕಂಡಿರಲಿಲ್ಲ. ಯಜಮಾನಿಯನ್ನು ಕೂರಿಸಿ, ಆಮೇಲೆ ಅವಳ ಸುತ್ತ ಮನೆ ಕಟ್ಟುವುದು ಅವನ ಪದ್ಧತಿ.

"ಬಾಪಾ, ನಡುವಿಂದು ಬಿಟ್ಟಿದೀರಿ," ಎಂದಳು.

"ಬಿಟ್ಟಿಲ್ಲ. ಇಟ್ಟಿದೀನಿ."

"ಯಾವಾಗ ಬರೀತೀರಿ? ಪಟಿಕ ಕಲಸಿ ಆಯ್ತು. ಒಣಗಿ ಹೋಗತ್ತೆ."

"ಊಟ ಆಗ್ಲಿ ವಹು," ಎಂದ ಅವನು ಸೊಸೆಗೆ. "ಖಾಲಿ ಹೊಟ್ಟೇಲಿ ದೇವೀನ ಕರೀಬಾರದು."

ಊಟವಾಯಿತು. ಸಜ್ಜೆ ರೊಟ್ಟಿ, ಬದನೆ ಆಲೂಗಡ್ಡೆ ಪಲ್ಯ, ಮಜ್ಜಿಗೆ. ಶಾಣಾಭಾಯಿ ಎರಡು ರೊಟ್ಟಿ ತಿಂದು, ಗೋಡೆಗೆ ಒರಗಿ, ಕಣ್ಣು ಮುಚ್ಚಿದ. ಬರೆಯುವ ಬಿದಿರಿನ ಕಡ್ಡಿ ಕಪ್ಪಿನ ಬಟ್ಟಲಲ್ಲೇ ನೆನೆಯುತ್ತ ಉಳಿಯಿತು. ಸಂಜೆ ಎದ್ದವನು ಬಟ್ಟೆಯ ಹತ್ತಿರ ಹೋಗಲಿಲ್ಲ. ಅವರ ಸಾಲುಮನೆಗಳ ಚಾಳಿನ ಮೂಲೆಯ ಚಹಾದಂಗಡಿಗೆ ಹೋದ.

ಆ ಬಟ್ಟೆ ಲಾಧುಭಾಯಿಯದು. ಜಮಾಲ್‌ಪುರದ ಮಾರುಕಟ್ಟೆಯಲ್ಲಿ ಸಗಟು ತರಕಾರಿ ವ್ಯಾಪಾರ ಮಾಡುವ ಅವನೂ ಇವರ ಜನವೇ. ಅವನ ಸೊಸೆಗೆ ಎರಡು ಬಸಿರು ನಿಂತಿರಲಿಲ್ಲ. ಮೂರನೆಯದರ ವೇಳೆಗೆ ಅವರ ಪೂಜಾರಿ ಮೈದುಂಬಿ, ನಿಮ್ಮ ಕುಲದ ಟೀಂಬಾಯಿಗೆ ನಿಮ್ಮ ತಲೆಮಾರಿನ ಬಟ್ಟೆ ಇನ್ನೂ ಸಂದಿಲ್ಲ ಎಂದಿದ್ದ. ಲಾಧುಭಾಯಿ ಹರಕೆ ಹೊತ್ತ. ಗಂಡು ಮಗು ಹುಟ್ಟಿ ಉಳಿಯಿತು. ಆಶ್ವಿನದ ಅಷ್ಟಮಿಯಂದು ದೇವಿಯ ಬಟ್ಟೆ ಕಟ್ಟಿ, ಅದರ ಕೆಳಗೆ ಮಗುವನ್ನು ಮಲಗಿಸಿ ಹೆಸರಿಡಬೇಕು. ಅಲ್ಲಿಯವರೆಗೆ ಅದಕ್ಕೆ ಹೆಸರಿಲ್ಲ. ಎಲ್ಲರೂ ಮುದ್ದಿಗೆ ಲಾಲೋ ಎನ್ನುತ್ತಿದ್ದರು.

ಟೀಂಬಾಯಿಯನ್ನು ಬಲ್ಲವರು ಕಡಿಮೆ. ವೀರಮಗಾಮದ ಆಚೆ ಒಂದು ಹಾಳೂರಿನ ದಿಬ್ಬದ ಮೇಲೆ ಒಂದು ಕಲ್ಲಿದೆ; ಕಲ್ಲಿಗೆ ಮುಖವಿಲ್ಲ. ಅವಳಿಗೆ ರೂಪವೆಂಬುದು ಇರುವುದು ಬಟ್ಟೆಯಲ್ಲಿ ಮಾತ್ರ, ಆ ಬಟ್ಟೆಯೂ ತಲೆಮಾರಿಗೊಂದು. ಹಿಂದಿನದನ್ನು ಬರೆದದ್ದು ಶಾಣಾಭಾಯಿಯೇ, ಲಾಧುಭಾಯಿ ಹುಟ್ಟಿದಾಗ, ನಲವತ್ತೊಂದು ವರ್ಷದ ಹಿಂದೆ. ಅದು ಜೀರ್ಣವಾದ ಮೇಲೆ ಪದ್ಧತಿಯಂತೆ ನದಿಗೆ ಬಿಟ್ಟಿದ್ದರು. ಹಳೆಯ ಬಟ್ಟೆಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಬರೆದವರೂ ಇಲ್ಲ, ಬರೆಸಿದವರೂ ಇಲ್ಲ.

"ನಮ್ ಮಾ ಹೇಗಿರ್ತಾಳೆ ಅಂತ ನಂಗೆಲ್ಲಿ ಗೊತ್ತು ಕಾಕಾ," ಎಂದು ಹಣ ಕೊಟ್ಟ ದಿನ ಲಾಧುಭಾಯಿ ನಕ್ಕಿದ್ದ. "ನಂಗೆ ಗೊತ್ತಿರೋದು ಬೆಂಡೆಕಾಯಿ ರೇಟು. ನಿಮಗೆ ಗೊತ್ತಲ್ಲ, ಸಾಕು."

"ಗೊತ್ತು," ಎಂದಿದ್ದ ಶಾಣಾಭಾಯಿ. ಕೊಟ್ಟ ಹಣದಲ್ಲಿ ಮನೆಯ ಮಾಡಿಗೆ ತಗಡು ಬಿದ್ದಿತ್ತು.

ಗುರುವಾರ ಅವನು ಬರೆದ. ಒಂದೇ ಪಟ್ಟಿಗೆ ಕೂತು, ಕೈ ಎಲ್ಲೂ ನಡುಗದೆ. ಖಡ್ಗ, ತ್ರಿಶೂಲ, ಬಟ್ಟಲು, ಅಭಯಹಸ್ತ, ದೊಡ್ಡ ಕಣ್ಣು, ಕೆಳಗೆ ಕೊಂಬು ಬಾಗಿದ ಕೋಣ. ಮಂಗುವಿನ ಅತ್ತೆ ರೂಖಿಬಾ ಅಕ್ಕಿ ಆರಿಸುತ್ತ ಕೂತಿದ್ದವಳು ಮೊರ ಕೆಳಗಿಟ್ಟಳು.

"ಕೋಣ ವಿಸತ್ ಮಾತೆಯದಲ್ವಾ?"

"ಒಬ್ಬಳ ಮನೇಲಿ ಕೋಣ ಇದ್ರೆ ಇನ್ನೊಬ್ಬಳು ಕಟ್ಟಬಾರದು ಅಂತ ಇದ್ಯಾ?"

"ನಾನು ಕೇಳ್ದೆ ಅಷ್ಟೆ."

"ಕೇಳ್ಬೇಡ. ಅಕ್ಕಿ ಆರ್ಸು."

ಮಂಗು ಕೋಣದ ಮೈಗೆ ಪಟಿಕ ತುಂಬಿದಳು. ಶನಿವಾರ ಬೆಳಿಗ್ಗೆ ಚಹಾ ಲೋಟ ಹಿಡಿದುಕೊಂಡೇ ಶಾಣಾಭಾಯಿ ಬಟ್ಟೆಯ ಮುಂದೆ ನಿಂತು ಕೂಗಿದ.

"ಯಾರು ಬರೆದದ್ದು ಈ ಕೋಣಾನ?"

ಆಮೇಲೆ ಮಗನ ಕಡೆ ತಿರುಗಿದ.

"ಗೋರ್ಧನಾ! ನೀನಾ?"

"ನಾನು ಅಂಚು ಒತ್ತೋನು ಬಾಪಾ. ನನ್ ಕೈಲಿ ಕೋಣ ಬರೆದ್ರೆ ಹಂದಿ ಆಗತ್ತೆ, ನೀವೇ ಹೇಳ್ತಿದ್ರಿ."

"ಟೀಂಬಾಯಿ ಕೂರೋದು ದೋಣಿ ಮೇಲೆ. ಸಮುದ್ರದ ಕಡೆಯಿಂದ ಬಂದವಳು. ಇದನ್ನ ತೆಗೀರಿ. ಹೊಸ ಬಟ್ಟೆ ಹಾಸಿ."

ತುಕ್ಕು, ಬೆಲ್ಲ ಕೊಳೆಸಿ ಮಾಡಿದ ಕಪ್ಪು ಬಣ್ಣ ಅಳಲೆಕಾಯಿಯ ನೀರುಂಡ ಬಟ್ಟೆಗೆ ಒಮ್ಮೆ ತಾಗಿದರೆ ತೊಳೆದರೂ ಹೋಗದು, ಕುದಿಸಿದರೂ ಹೋಗದು. ತಿದ್ದುವುದೆಂಬುದು ಈ ಕೆಲಸದಲ್ಲಿ ಇಲ್ಲ. ಗೋರ್ಧನ ಬಾಯಿ ತೆರೆದ. ತಾಯಿ ಕಣ್ಣಿನಲ್ಲೇ ಬೇಡವೆಂದಳು. ಹೊಸ ಬಟ್ಟೆಯ ಗಂಜಿ ಬಿಡಿಸಬೇಕು, ಅಳಲೆಕಾಯಿಯಲ್ಲಿ ನೆನೆಸಬೇಕು, ಒಣಗಿಸಬೇಕು. ಮಳೆಗಾಲದಲ್ಲಿ ಅದಕ್ಕೆ ಒಂದು ವಾರ ಹಿಡಿಯಿತು. ಆ ವಾರ ಶಾಣಾಭಾಯಿ ಚಾಳಿನವರೊಡನೆ ಜಗಳವಾಡಲಿಲ್ಲ, ಹೆಂಡತಿಯನ್ನು ಬೈಯಲಿಲ್ಲ, ಊಟಕ್ಕೆ ಉಪ್ಪು ಕಡಿಮೆಯೆಂದೂ ಹೇಳಲಿಲ್ಲ. ಮಂಗುವಿಗೆ ಕೋಣಕ್ಕಿಂತ ಇದರಿಂದಲೇ ಹೆಚ್ಚು ಭಯವಾಯಿತು.

ತಿಂಗಳ ಕೊನೆಯಲ್ಲಿ ಎರಡನೆಯ ಬಟ್ಟೆಯ ನಡುವೆ ದೋಣಿ ಬಂತು. ಮರುದಿನ ಸಂಜೆ ಖಿಚಡಿ ಬಡಿಸುವಾಗ ಶಾಣಾಭಾಯಿ ಗೋಡೆಯ ಕಡೆ ನೋಡಿ, "ದೋಣಿ ಸಿಕೋತರ್ ಮಾತೆಯದು. ಲಾಧುನ ಬಟ್ಟೆ ಎಲ್ಲಿ?" ಎಂದ.

ಗೋರ್ಧನ ತಟ್ಟೆಯನ್ನು ದೂರ ತಳ್ಳಿದ.

"ಇದೇ ಲಾಧುನ ಬಟ್ಟೆ! ನಿನ್ನೆ ನೀವೇ ದೋಣಿ ಬರೆದ್ರಿ. ಅದಕ್ಕೆ ಮುಂಚೆ ನೀವೇ ಕೋಣ ಬರೆದ್ರಿ. ನಾಳೆ ಏನು, ರಿಕ್ಷಾನಾ?"

"ಗೋರ್ಧನಾ," ಎಂದಳು ರೂಖಿಬಾ.

"ಇಲ್ಲಮ್ಮಾ, ಹೇಳ್ಲಿ ಅವರು. ಎರಡು ಬಟ್ಟೆ ಹಾಳಾಯ್ತು. ಮಿಕ್ಕವರ ಆರ್ಡರ್ ಎಲ್ಲ ಹಾಗೇ ಕೂತಿದೆ. ನವರಾತ್ರಿ ನಮಗೋಸ್ಕರ ಕಾಯತ್ತಾ? ಒಂದು ಹುಲಿ ಬರೆದು ಕೂರಿಸಿ ಬಿಡಿ. ಕ್ಯಾಲೆಂಡರಲ್ಲಿ ಇರೋ ಹಾಗೆ. ಲಾಧುಭಾಯಿಗೆ ಏನು ತಿಳಿಯತ್ತೆ?"

ಶಾಣಾಭಾಯಿ ತುತ್ತು ನುಂಗಿ ನಿಧಾನವಾಗಿ ಹೇಳಿದ. "ಹುಲಿ ಮೇಲೆ ಕೂತವಳು ಎಲ್ಲರ ಮನೆಯವಳು. ಇವಳು ಅವರ ಮನೆಯವಳು. ನಿನ್ ತಾಯಿ ಅಂತ ಬೀದೀಲಿ ಹೋಗೋಳನ್ನ ಕರ್ಕೊಂಡು ಬಂದು ಕೂರ್ಸಿದ್ರೆ ನೀನು ಅವಳ ಕೈ ರೊಟ್ಟಿ ತಿಂತೀಯಾ?"

"ಅವಳು ಯಾರು ಅಂತ ನಿಮಗಾದ್ರೂ ನೆನಪಿದ್ಯಾ?"

ಶಾಣಾಭಾಯಿ ತಟ್ಟೆಯಲ್ಲಿದ್ದ ಖಿಚಡಿಯನ್ನು ಬೆರಳಿನಿಂದ ನಡುವೆ ಗುಳಿ ಮಾಡಿ, ಮತ್ತೆ ಮುಚ್ಚಿ, ಮತ್ತೆ ಗುಳಿ ಮಾಡಿದ. "ಬರತ್ತೆ," ಎಂದ. "ಕಡ್ಡಿ ಇಟ್ರೆ ಬರತ್ತೆ. ಯಾವಾಗ್ಲೂ ಹಾಗೇ ಬಂದಿದೆ."

ಮಂಗುವಿನ ಮಗಳು ರೇವಾ ಹನ್ನೆರಡನೆಯ ತರಗತಿಯವಳು. ಗೆಳತಿಯ ಮೊಬೈಲ್ ತಂದು ಅರ್ಧ ಗಂಟೆ ಹುಡುಕಿದಳು.

"ಸಿಕ್ತಾ?" ಎಂದಳು ಮಂಗು.

"ಖೋಡಿಯಾರ್ ಅಂತ ಹೊಡೆದ್ರೆ ಸಾವಿರ ಫೋಟೋ ಬರತ್ತೆ. ಟೀಂಬಾಯಿ ಅಂತ ಹೊಡೆದ್ರೆ, 'ನೀವು ಬೇರೇನಾದ್ರೂ ಹುಡುಕ್ತಿದೀರಾ' ಅಂತ ಅದೇ ನನ್ನ ಕೇಳತ್ತೆ."

"ದಾದಾನ ಹತ್ರ ಹೇಳ್ಬೇಡ."

"ದಾದಾಗೆ ಹೇಳಿದ್ರೂ ಸಂಜೆವರೆಗೆ ಇರತ್ತಾ?" ಎಂದು ತಾತನ ಬಗ್ಗೆ ಬಾಯಿಬಿಟ್ಟವಳು ತಾಯಿಯ ಮುಖ ನೋಡಿ ಮೊಬೈಲಿಗೆ ತಲೆ ತಗ್ಗಿಸಿದಳು.

ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದದ್ದು ಮಂಗುವೇ. ಎಳೆಯ ವಯಸ್ಸಿನ ವೈದ್ಯೆ ಸಮಾಧಾನದಿಂದ ಕೇಳಿದಳು: ಇವತ್ತು ಯಾವ ವಾರ, ಬೆಳಿಗ್ಗೆ ಏನು ತಿಂದಿರಿ, ಮಕ್ಕಳೆಷ್ಟು. ವಾರ ತಪ್ಪಿತು, ತಿಂದದ್ದು ತಪ್ಪಿತು, ಮಕ್ಕಳ ಲೆಕ್ಕದಲ್ಲಿ ಹುಟ್ಟಿದ ವರ್ಷವೇ ತೀರಿಹೋದ ಒಂದನ್ನೂ ಸೇರಿಸಿ ಹೇಳಿದ. ಒಂದು ಗಡಿಯಾರ ಬರೆಯಿರಿ ಎಂದು ಕಾಗದ ಕೊಟ್ಟಳು. ಶಾಣಾಭಾಯಿ ಕೈ ಎತ್ತದೆ ಪೂರ್ಣವಾದ ಒಂದು ವೃತ್ತ ಎಳೆದ. ವೈದ್ಯೆ ಪಕ್ಕದವಳನ್ನು ಕರೆದು ತೋರಿಸಿದಳು. ವೃತ್ತದ ಒಳಗೆ ಏನು ಬರೆಯಬೇಕೆಂದು ಅವನಿಗೆ ತೋಚಲಿಲ್ಲ. ಕಡೆಗೆ ಎರಡು ಕಣ್ಣು ಇಟ್ಟ.

"ಕೈಗೆ ಏನೂ ಆಗಿಲ್ಲ," ಎಂದಳು ವೈದ್ಯೆ ಮಂಗುವಿಗೆ. "ನೆನಪು ಹೋಗ್ತಿದೆ. ಹೋದದ್ದು ವಾಪಸ್ ಬರಲ್ಲ. ಮಾತ್ರೆ ಕೊಡ್ತೀನಿ, ಸ್ವಲ್ಪ ನಿಧಾನ ಆಗಬಹುದು."

ಬಸ್ಸಿನಲ್ಲಿ ಶಾಣಾಭಾಯಿ, "ಆ ಹುಡುಗಿ ಒಳ್ಳೇವಳು. ಅವಳಿಗೆ ಯಾವ ದೇವಿ ಬೇಕಂತೆ?" ಎಂದು ಕೇಳಿದ.

ಆ ರಾತ್ರಿಯ ಅಡುಗೆಗೆ ಮೊದಲು ಗೋರ್ಧನ, ರೂಖಿಬಾ, ಮಂಗು ಮೂವರೂ ಕೂತು ಮಾತಾಡಿದರು. ಲಾಧುಭಾಯಿಗೆ ನಿಜ ಹೇಳಿಬಿಡೋಣ ಎಂದಳು ಮಂಗು.

"ಹೇಳಿ?" ಎಂದ ಗೋರ್ಧನ. "ಮಾಡಿನ ತಗಡು ಕಿತ್ತು ವಾಪಸ್ ಕೊಡ್ತೀಯಾ? ನಾಳೆ ಊರೆಲ್ಲ ಗೊತ್ತಾಗತ್ತೆ, ಶಾಣಾಭಾಯಿಗೆ ತಲೆ ಕೆಟ್ಟಿದೆ ಅಂತ. ಆಮೇಲೆ ಅವರು ಬರೆದ ಮೇಲಡೀನೂ ಯಾರೂ ತಗೊಳ್ಳಲ್ಲ."

"ಹಣದ ಮಾತಲ್ಲ," ಎಂದಳು ರೂಖಿಬಾ. "ಹೇಳಿದ್ರೆ ಲಾಧು ಯಾರನ್ನ ಕೇಳ್ತಾನೆ? ಇನ್ಯಾರಿಗೆ ಗೊತ್ತಿದೆ? ಆ ಕೂಸಿಗೆ ಹೆಸರೇ ಇಲ್ಲದ ಹಾಗಾಗತ್ತೆ."

"ಅವರ ಮನೇಲಿ ಯಾರೂ ಆ ಹಳೇ ಬಟ್ಟೆ ನೋಡಿಲ್ವಾ?"

ರೂಖಿಬಾ ಯೋಚಿಸಿದಳು. "ಅವನ ತಾಯಿ ಹೀರಾ ಇದಾಳೆ."

ಸೆಪ್ಟೆಂಬರಿನ ಮೊದಲ ಸೋಮವಾರ ಅತ್ತೆ ಸೊಸೆ ಇಬ್ಬರೂ, ಮಗುವನ್ನು ನೋಡುವ ನೆಪ ಹೇಳಿಕೊಂಡು, ಲಾಧುಭಾಯಿಯ ಮನೆಗೆ ಹೋದರು. ಲಾಲೋ ತೊಟ್ಟಿಲಲ್ಲಿ ಕಾಲು ಬಡಿಯುತ್ತಿತ್ತು. ಹೀರಾಬಾ ಬೊಚ್ಚುಬಾಯಿಯ ಸಣ್ಣ ಮುದುಕಿ; ಕೋಣೆಯಲ್ಲಿ ಗಂಡಸರು ಯಾರೂ ಇಲ್ಲದಿದ್ದರೂ ಸೆರಗು ಹಣೆಯವರೆಗೆ ಇತ್ತು. ಚಹಾ ಬಂತು, ಗಾಂಠಿಯಾ ಬಂತು. ರೂಖಿಬಾ ಸುತ್ತಿ ಬಳಸಿ ಕೇಳಿದಳು.

"ಆಗಿನ ಬಟ್ಟೇಲಿ ನಿಮ್ ಮಾ ಎಷ್ಟು ಚೆನ್ನಾಗಿದ್ಳು ಅಲ್ವಾ ಹೀರಾ?"

"ಇದ್ದಿರಬೇಕಪ್ಪ."

"ನೀನು ನೋಡಿದೀಯಲ್ಲ."

"ನಾನೆಲ್ಲಿ ನೋಡ್ಲಿ?" ಹೀರಾಬಾ ಬಾಯಿಗೆ ಸೆರಗು ಮುಚ್ಚಿ ನಕ್ಕಳು. "ಮಾವ ಇದ್ರು, ಮಾವನ ಅಣ್ಣ ಇದ್ರು, ಊರ ಹಿರೀಕರೆಲ್ಲ ಬಟ್ಟೆ ಮುಂದೇನೇ ಕೂತಿದ್ರು. ನಾನು ಸೊಸೆ. ಎದೆವರೆಗೆ ಸೆರಗು ಎಳ್ಕೊಂಡು ಕೂತಿದ್ದೆ. ಸೆರಗಿನ ಕೆಳಗಿಂದ ಕಂಡದ್ದು ಅಷ್ಟೇ ಅಷ್ಟು, ಒಂದು ಗೇಣು. ಲಾಧುನ್ನ ಮಲಗಿಸಿದ್ದ ಜಾಗ, ಮತ್ತೆ ಮಾ ಇದ್ದ ಕಡೆ ಕಾಲು."

"ಮಾತೆಯ ಕಾಲಾ?"

"ಅಲ್ಲ, ಪ್ರಾಣಿ ಕಾಲು. ಗೊರಸು. ಒಂದು ಕಾಲು ಎತ್ತಿತ್ತು. ಅದು ನೆನಪಿದೆ, ಯಾಕಂದ್ರೆ ಅದು ಲಾಧುನ ಮೇಲೆ ಇಡತ್ತೇನೋ ಅಂತ ನಂಗೆ ಹೆದರಿಕೆ ಆಗಿತ್ತು."

ಹಿಂದಿರುಗುವಾಗ ಮಂಗುವಿಗೆ ಕಾಲು ನೆಲ ತಾಗಲಿಲ್ಲ. ಗೊರಸು ಎಂದಮೇಲೆ ದೋಣಿ ಅಲ್ಲ, ಹುಂಜ ಅಲ್ಲ, ಮೊಸಳೆ ಅಲ್ಲ, ಹುಲಿಯೂ ಅಲ್ಲ. ಕೋಣಕ್ಕೂ ಗೊರಸಿತ್ತು, ಆದರೆ ಮಾವ ಬರೆದ ಕೋಣ ನಾಲ್ಕೂ ಕಾಲೂರಿ ನಿಂತಿತ್ತು. ಮನೆಗೆ ಬಂದವಳೇ ಮಾವನ ಮುಂದೆ ಕೂತು ಹೇಳಿದಳು. "ಬಾಪಾ, ಟೀಂಬಾಯಿ ವಾಹನಕ್ಕೆ ಗೊರಸು ಇತ್ತಂತೆ. ಒಂದು ಕಾಲು ಎತ್ತಿತ್ತಂತೆ."

ಶಾಣಾಭಾಯಿಯ ಮುಖ ಬೆಳಗಿತು. "ಮತ್ತೆ! ನಾನೇನು ಹೇಳಿದ್ದೆ? ಗೊರಸು."

"ಯಾವ ಪ್ರಾಣಿ ಬಾಪಾ?"

"ಗೊರಸು ಇರೋದು," ಎಂದ ಅವನು ಖಚಿತವಾಗಿ.

ಆ ಬುಧವಾರ ಬೇರೆಯವರ ಬಟ್ಟೆಗಳನ್ನು ತೊಳೆಯಲು ಕಾಲುವೆಗೆ ಹೋಗಬೇಕಾಗಿತ್ತು. ನದಿಗೆ ಎರಡೂ ಕಡೆ ಗೋಡೆ ಕಟ್ಟಿದ ಮೇಲೆ ನೀರು ನಿಂತುಬಿಟ್ಟಿತ್ತು. ಹರಿಯದ ನೀರಿನಲ್ಲಿ ತೊಳೆದರೆ ಬಿಟ್ಟ ಬಣ್ಣ ಬಟ್ಟೆಗೇ ಅಂಟುತ್ತದೆ. ಗೋರ್ಧನ ಟೆಂಪೊ ಮಾಡಿದ. ಮನೆಯಲ್ಲಿ ಬಿಟ್ಟರೆ ಎಲ್ಲಿ ಹೋಗುತ್ತಾನೋ ಎಂದು ಶಾಣಾಭಾಯಿಯನ್ನೂ ಕೂರಿಸಿಕೊಂಡರು. ಅವನು ದಂಡೆಯ ಮೇಲೆ ಬೇವಿನ ನೆರಳಲ್ಲಿ ಕೂತಿದ್ದ. ಗಂಡ ಹೆಂಡತಿ ಮೊಣಕಾಲು ನೀರಲ್ಲಿ ನಿಂತು ಬಟ್ಟೆಯನ್ನು ಹರಿವಿಗೆ ಬಿಟ್ಟು ಎಳೆದರು.

ಶುಕ್ರವಾರ ಬೆಳಿಗ್ಗೆ ಯಾರೂ ಕೇಳದೆಯೇ ಅವನು ಕಡ್ಡಿ ಕೈಗೆ ತೆಗೆದುಕೊಂಡ. ಮೂರನೆಯ ಬಟ್ಟೆ ಹಾಸಿತ್ತು. ಮಂಗು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಬಾಗಿಲಲ್ಲಿ ನಿಂತಳು. ಮೊದಲು ದೇವಿಯ ಕಣ್ಣು, ಆಮೇಲೆ ಕೈಗಳು, ಆಮೇಲೆ ಮಡಿಸಿದ ಕಾಲು, ಅದರ ಕೆಳಗೆ ಒಂದು ಬೆನ್ನು. ಬೆನ್ನು ಮುಂದಕ್ಕೆ ಏರಿ ಹೆಗಲಾಯಿತು. ಹೆಗಲಿನಿಂದ ಉದ್ದ ಕುತ್ತಿಗೆ, ಗಂಟಲಲ್ಲಿ ಒಂದು ಕುಚ್ಚು, ಸಣ್ಣ ನೇರ ಕೊಂಬು. ಮುಂಗಾಲು ಒಂದು ಮಡಿಸಿ ಎತ್ತಿತ್ತು.

"ನೀಲಗಾಯಿ!" ಎಂದಳು ರೇವಾ ಹಿಂದಿನಿಂದ.

ಎಮ್ಮೆಯಲ್ಲ, ಕುದುರೆಯಲ್ಲ, ಹೊಲಗಳ ಅಂಚಿನಲ್ಲಿ ನಿಂತು ಮನುಷ್ಯರನ್ನು ನೋಡುವ ನೀಲಗಾಯಿ. ಅದರ ಮೇಲೆ ಕೂತ ದೇವಿಯನ್ನು ಆ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಕಂಡಿರದ್ದರಿಂದಲೇ ಎಲ್ಲರಿಗೂ ನಂಬಿಕೆ ಬಂತು. ಇಂಥದ್ದನ್ನು ಯಾರೂ ಕಟ್ಟಿ ಹೇಳಲಾರರು; ನೆನಪಿನಿಂದಲೇ ಬಂದಿರಬೇಕು. ಹಾಳೂರಿನ ದಿಬ್ಬ, ಅದರ ಮೇಲೆ ನೀಲಗಾಯಿ, ಎಲ್ಲ ಹೊಂದುತ್ತಿತ್ತು. ರೂಖಿಬಾ ಎರಡೂ ಕೈ ಎತ್ತಿ ಮುಗಿದಳು. ಗೋರ್ಧನ ಅಂಗಡಿಗೆ ಹೋಗಿ ಜಲೇಬಿ ತಂದ.

"ತಿನ್ನಿ ಬಾಪಾ. ನಾನು ಆವತ್ತು ಬಾಯಿಗೆ ಬಂದ ಹಾಗೆ ಆಡಿದೆ."

"ಯಾವತ್ತು?" ಎಂದ ಶಾಣಾಭಾಯಿ ಜಲೇಬಿ ತೆಗೆದುಕೊಂಡು.

ಮಂಗು ಮೂರು ದಿನ ಪಟಿಕ ತುಂಬಿದಳು. ನೀಲಗಾಯಿಯ ಹೆಗಲು ತುಂಬುವಾಗ ಅವಳ ಕೈ ಹಗುರವಾಗಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಶಾಣಾಭಾಯಿ ಅವಳ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಇದೇನು ವಹು? ನೀಲಗಾಯಿ ಹೊಲ ತಿನ್ನೋ ಪ್ರಾಣಿ. ಅದರ ಮೇಲೆ ಯಾವ ದೇವಿ ಕೂರ್ತಾಳೆ?"

"ಟೀಂಬಾಯಿ, ಬಾಪಾ. ನೀವೇ ಬರೆದ್ರಿ."

"ನಾನಾ?" ಅವನು ನಕ್ಕ. ಸಿಟ್ಟಿರಲಿಲ್ಲ. "ನಾನು ನೀಲಗಾಯಿ ನೋಡಿದ್ದು ಕಾಲುವೆ ಹತ್ರ. ಆಚೆ ದಡದಲ್ಲಿ ಕಾಲೆತ್ಕೊಂಡು ನಿಂತಿತ್ತು. ನೀನೇ ತೋರ್ಸಿದ್ಯಲ್ಲ, ನೋಡಿ ಬಾಪಾ ಅಂತ."

ಮಂಗುವಿನ ಕೈಯಲ್ಲಿದ್ದ ಕಡ್ಡಿ ನಿಂತಿತು. ತೋರಿಸಿದ್ದು ನಿಜ. ಸೊಂಟದಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡು, ಹಣೆ ಒರೆಸುತ್ತ, ಸುಮ್ಮನೆ ಕೂತ ಮುದುಕನಿಗೆ ಹೊತ್ತು ಹೋಗಲೆಂದು ತೋರಿಸಿದ್ದಳು. ಪ್ರಾಣಿ ಮುಂಗಾಲು ಎತ್ತಿ ನಿಂತು, ಇವರನ್ನು ನೋಡಿ, ಜಿಗಿದು ಓಡಿಹೋಗಿತ್ತು. ಎಲ್ಲವನ್ನೂ ಮರೆಯುವವನು ಅದೊಂದನ್ನು ಮರೆತಿರಲಿಲ್ಲ.

ಗೋರ್ಧನ ಮನೆಗೆ ಬಂದ ಕೂಡಲೆ ಅವನನ್ನು ಹಂಡೆಯ ಕಡೆ ಕರೆದು ಹೇಳಿದಳು. ಅವನು ಸೌದೆ ಒಡೆಯುತ್ತಿದ್ದವನು ಕೊಡಲಿಯನ್ನು ಕೆಳಗಿಡಲಿಲ್ಲ.

"ಬಾಯಿ ಮುಚ್ಕೋ."

"ಅದು ಟೀಂಬಾಯಿ ಅಲ್ಲ ರೀ. ನಾನು ತೋರ್ಸಿದ ಪ್ರಾಣಿ."

"ಗೊರಸು ಇದೆ. ಕಾಲು ಎತ್ತಿದೆ. ಅವರ ತಾಯಿ ಹೇಳಿದ್ದಕ್ಕೆ ಕೂಡಿ ಬಂತಲ್ಲ."

"ಗೊರಸು ಹಸುಗೂ ಇದೆ, ಕತ್ತೆಗೂ ಇದೆ."

"ಹಾಗಾದ್ರೆ ನೀನು ಹೇಳು, ಏನು ಬರೀಲಿ? ಹೇಳು! ಹಸುವಾ, ಕತ್ತೆಯಾ?" ಅವನ ಧ್ವನಿ ಏರಿ, ಒಡೆಯಿತು. "ಯಾರಿಗಾದ್ರೂ ಗೊತ್ತಿದ್ರೆ ನಾನು ಅವರ ಕಾಲು ಹಿಡೀತೀನಿ ಮಂಗು. ಯಾರಿದಾರೆ? ಇನ್ನೊಂದು ಬಟ್ಟೆ ಹಾಸಿದ್ರೆ ಇನ್ನೊಂದು ಪ್ರಾಣಿ ಬರತ್ತೆ. ಅದು ಸರಿ, ಇದು ತಪ್ಪು ಅಂತ ಹೇಗೆ ತಿಳಿಯತ್ತೆ? ಸೌದೆ ಒಣಗಿದೆ. ಬಿಸಿಲಿದೆ. ಕುದಿಸಿ ಬಿಡ್ತೀನಿ. ಕೆಂಪು ಹತ್ತಿದ ಮೇಲೆ ಅವಳು ಅವಳೇ."

ಪಟಿಕ ಬಟ್ಟೆಯಲ್ಲಿ ಇಳಿಯಲು ಇನ್ನೂ ನಾಲ್ಕು ದಿನ ಬೇಕಾಗಿತ್ತು. ಅಷ್ಟರಲ್ಲಿ ಶಾಣಾಭಾಯಿ ಅದರ ಮೇಲೆ ಇನ್ನೊಂದು ಗೆರೆ ಎಳೆಯದಂತೆ ಬಟ್ಟೆಯನ್ನು ಅಡಗಿಸಬೇಕಾಯಿತು. ಗೋರ್ಧನ ಹಾಸಿಗೆಯ ಕೆಳಗೆ ಎಂದ.

"ದೇವಿನ ಹಾಸಿಗೆ ಕೆಳಗಾ? ನಿನ್ ಬುದ್ಧಿಗೆ ಬೆಂಕಿ ಹಾಕ," ಎಂದಳು ರೂಖಿಬಾ. ಕಡೆಗೆ ಗೋಧಿಯ ಕಣಜದಲ್ಲಿ, ಗೋಧಿಯ ಮೇಲೆ, ಬಿಳಿ ಸೀರೆಯಲ್ಲಿ ಸುತ್ತಿ ಇಟ್ಟರು. ಆ ನಾಲ್ಕು ದಿನ ಅಂಗಡಿಯ ಹಿಟ್ಟು ತಂದು ರೊಟ್ಟಿ ಮಾಡಿದರು. ಶಾಣಾಭಾಯಿಗೆ ಹರಿದ ಬಟ್ಟೆಯ ತುಂಡುಗಳನ್ನು ಕೊಟ್ಟರು. ಅವನು ಅವುಗಳ ಮೇಲೆ ಬಗೆಬಗೆಯ ಪ್ರಾಣಿಗಳನ್ನು ಬರೆದ. ಯಾವುದರ ಬೆನ್ನ ಮೇಲೂ ಯಾರೂ ಕೂತಿರಲಿಲ್ಲ.

ಭಾನುವಾರ ಹಂಡೆ ಏರಿತು. ಧಾತಕಿ ಹೂವು, ಬಣ್ಣದ ಪುಡಿ ಬಿದ್ದ ನೀರು ಕುದಿಯಿತು. ಗೋರ್ಧನ ಕೋಲಿನಿಂದ ಬಟ್ಟೆಯನ್ನು ಎತ್ತಿ ಮುಳುಗಿಸಿ ಎತ್ತಿದ. ಪಟಿಕ ತುಂಬಿದಲ್ಲೆಲ್ಲ ಕೆಂಪು ಹತ್ತತೊಡಗಿತು. ಮೊದಲು ಇಟ್ಟಿಗೆಯ ಬಣ್ಣ, ಆಮೇಲೆ ರಕ್ತದ ಬಣ್ಣ. ಹೊಗೆಗೆ ಎಚ್ಚರಗೊಂಡು ಶಾಣಾಭಾಯಿ ಅಂಗಳಕ್ಕೆ ಬಂದ. ಯಾರೂ ಅವನನ್ನು ತಡೆಯಲಿಲ್ಲ. ತಡೆಯುವ ಕಾಲ ಮುಗಿದಿತ್ತು. ಕೋಲಿನ ಮೇಲೆ ಹಬೆಯಾಡುತ್ತಿದ್ದ ಬಟ್ಟೆಯನ್ನು ಅವನು ಬಹಳ ಹೊತ್ತು ನೋಡಿದ.

"ಒಳ್ಳೇ ಕೈ," ಎಂದ. "ಗೆರೆ ಎಲ್ಲೂ ನಿಂತಿಲ್ಲ. ಯಾರದು?"

"ನಿಮ್ದೇ ಬಾಪಾ," ಎಂದಳು ಮಂಗು.

"ಯಾವ ಮಾತೆ?"

ಮಂಗು ಗಂಡನನ್ನು ನೋಡಿದಳು. ಗೋರ್ಧನ ಬಟ್ಟೆಯನ್ನು ಮತ್ತೆ ನೀರಿಗೆ ಬಿಟ್ಟ. ಉತ್ತರ ಕೊಟ್ಟವಳು ರೂಖಿಬಾ. "ಟೀಂಬಾಯಿ," ಎಂದಳು, ಬೇರೆ ಕಡೆ ತಿರುಗಿ.

"ಟೀಂಬಾಯಿ," ಎಂದ ಶಾಣಾಭಾಯಿಯೂ, ಹೊಸಬರ ಹೆಸರನ್ನು ಬಾಯಲ್ಲಿ ಹೊಂದಿಸಿಕೊಳ್ಳುವವನಂತೆ.

ನವರಾತ್ರಿ ಬಂತು. ಉಳಿದ ಆರ್ಡರುಗಳನ್ನು ಹೇಗೋ ಮುಗಿಸಿದರು. ಮೇಲಡಿ, ಖೋಡಿಯಾರ್, ಬಹುಚರಾ ಇವರ ವಾಹನಗಳನ್ನು ಮಂಗುವೇ ಮಾವನ ಕಿವಿಯಲ್ಲಿ ಹೇಳುತ್ತಿದ್ದಳು, ಅವನು ಬರೆಯುತ್ತಿದ್ದ. ಆಡು ಎಂದರೆ ಆಡು, ಮೊಸಳೆ ಎಂದರೆ ಮೊಸಳೆ. ಎಲ್ಲರೂ ಬಲ್ಲ, ರಿಕ್ಷಾಗಳ ಹಿಂದೆಯೂ ಚಿತ್ರ ಅಂಟಿಸಿದ ದೇವಿಯರ ಮಟ್ಟಿಗೆ ಅದು ಸಾಗಿತು.

ಸಪ್ತಮಿಯ ಮಧ್ಯಾಹ್ನ ಲಾಧುಭಾಯಿ ಬಂದ. ಜೊತೆಗೆ ಹೀರಾಬಾ, ಅವಳ ಕಂಕುಳಲ್ಲಿ ಲಾಲೋ. ಮಂಗು ನೀರು ಕೊಟ್ಟು, ಚಹಾ ಇಟ್ಟು, ಒಳಬಾಗಿಲಲ್ಲಿ ನಿಂತಳು. ಗಂಡ ಬಾಯಿ ಮುಚ್ಚಿಕೋ ಎಂದು ಹೇಳಿ ಮೂರು ವಾರವಾಗಿತ್ತು. ಆ ಮೂರು ವಾರ ರೊಟ್ಟಿ ತಟ್ಟುವಾಗ, ಪಾತ್ರೆ ತಿಕ್ಕುವಾಗ, ಅವಳು ಒಂದೇ ಮಾತನ್ನು ಜೋಡಿಸಿಕೊಂಡಿದ್ದಳು: ಲಾಧುಭಾಯಿ, ಇದು ನಿಮ್ಮ ಮಾ ಹೌದೋ ಅಲ್ಲವೋ ನಮಗೆ ತಿಳಿಯದು, ತಿಳಿದೇ ತಗೊಳ್ಳಿ. ಅಷ್ಟು ಹೇಳಿಬಿಟ್ಟರೆ ಮುಂದಿನದು ಅವರಿಗೆ ಸೇರಿದ್ದು.

ಗೋರ್ಧನ ಬಟ್ಟೆಯನ್ನು ಗೋಡೆಗೆ ಕಟ್ಟಿ ಬಿಡಿಸಿದ. ಕೆಂಪು, ಕಪ್ಪು, ಬಿಳಿ. ಕೋಣೆ ಸಣ್ಣದಾದಂತೆ ಕಂಡಿತು.

"ಲಾಧುಭಾಯಿ," ಎಂದಳು ಮಂಗು.

ಅದೇ ಹೊತ್ತಿಗೆ ಹೀರಾಬಾ ಮಗುವನ್ನು ಮಗನ ಕೈಗೆ ಕೊಟ್ಟು ಎದ್ದಳು. ಬಟ್ಟೆಯ ಹತ್ತಿರ ಹೋಗಿ ನಿಂತಳು. ಅವಳ ಮಾವ, ಮಾವನ ಅಣ್ಣ, ಗಂಡ, ಎಲ್ಲರೂ ತೀರಿಹೋಗಿದ್ದರು. ಅವಳಿಗಿಂತ ಹಿರಿಯರಾದವರು ಕುಲದಲ್ಲಿ ಉಳಿದಿರಲಿಲ್ಲ. ಅವಳು ಸೆರಗನ್ನು ಎರಡೂ ಕೈಯಿಂದ ಹಿಂದಕ್ಕೆ ಸರಿಸಿ, ಬೋಳಾದ ಹಣೆ ಎತ್ತಿ, ಮೊದಲು ಗೊರಸನ್ನು, ಆಮೇಲೆ ಮೇಲಕ್ಕೆ, ಕುತ್ತಿಗೆಯನ್ನು, ಮಡಿಸಿದ ಕಾಲನ್ನು, ಕೈಗಳನ್ನು, ಕಡೆಗೆ ಮುಖವನ್ನು ನೋಡಿದಳು.

"ಇವಳೇ," ಎಂದಳು. "ಲಾಧು, ಇವಳೇ ಕಣೋ. ಕಾಲು ನೋಡು, ಆವತ್ತಿನದೇ. ಹೀಗಿದ್ಳಾ ನಮ್ ಮಾ! ಇಷ್ಟು ವರ್ಷ ನಾನು ಕಾಲಿಗೇ ಕೈ ಮುಗ್ದೆ." ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

ಲಾಧುಭಾಯಿ ಮಗುವನ್ನು ಎತ್ತಿ ಹಿಡಿದು ತೋರಿಸಿದ. "ನೋಡೋ ಲಾಲಾ, ನಿನ್ ಮಾ." ಆಮೇಲೆ ಮಂಗುವಿನ ಕಡೆ ತಿರುಗಿದ. "ಏನೋ ಅಂದ್ರಲ್ಲ ಭಾಭಿ?"

ಮಂಗುವಿನ ಬಾಯಲ್ಲಿ ಜೋಡಿಸಿಟ್ಟ ಮಾತು ಇತ್ತು. ಎದುರಿಗೆ ಮುದುಕಿ ತಲೆಯ ಮೇಲೆ ಸೆರಗಿಲ್ಲದೆ ನಿಂತ ನಿಲುವು ಇತ್ತು.

"ಚಹಾಗೆ ಸಕ್ಕರೆ ಎಷ್ಟು ಹಾಕ್ಲಿ ಅಂತ ಕೇಳ್ದೆ," ಎಂದಳು.

"ಜಾಸ್ತೀನೇ ಹಾಕಿ ಇವತ್ತು!"

ಲಾಧುಭಾಯಿ ಶಾಣಾಭಾಯಿಯ ಕಾಲು ಮುಟ್ಟಿದ. "ಕಾಕಾ, ನಿಮ್ ಬಾಯಿಂದ ಒಂದು ಸಲ ಹೇಳಿ. ನಮ್ ಮಾನೇ ಅಲ್ವಾ?"

ಶಾಣಾಭಾಯಿ ಬಟ್ಟೆಯನ್ನು ನೋಡಿದ, ಅಳುತ್ತಿದ್ದ ಹೀರಾಬಾಳನ್ನು ನೋಡಿದ.

"ಅವಳು ಹೇಳಿದ್ಳಲ್ಲ," ಎಂದ. "ನೋಡಿದವಳು ಅವಳು."

ಅವಳು ನಂಬಿದ್ದು ಅವನ ಕೈಯನ್ನು; ಅವನು ನಂಬಿದ್ದು ಅವಳ ಕಣ್ಣನ್ನು. ಸೊನ್ನೆಗೆ ಸೊನ್ನೆ ಕೂಡಿಸಿದ ಈ ಲೆಕ್ಕವನ್ನು ಕೋಣೆಯಲ್ಲಿದ್ದವರೆಲ್ಲ ಒಪ್ಪಿದರು. ಲಾಧುಭಾಯಿ ಉಳಿದ ಹಣವನ್ನೂ, ಒಂದು ಧೋತರವನ್ನೂ, ತೆಂಗಿನಕಾಯಿಯನ್ನೂ ಶಾಣಾಭಾಯಿಯ ಮುಂದೆ ಇಟ್ಟ. ವೀರಮಗಾಮದಲ್ಲಿರುವ ತಮ್ಮನಿಗೂ ಮೊಮ್ಮಗು ಬರುವುದಿದೆ, ಅವನಿಗೂ ಇಂಥದ್ದೇ ಒಂದು ಬೇಕಾಗುತ್ತದೆ, ಕಾಲು ಕೂಡ ಹೀಗೇ ಎತ್ತಿರಬೇಕು ಎಂದ. ಆಗಲಿ ಎಂದ ಗೋರ್ಧನ. ಬಟ್ಟೆಯನ್ನು ಮಡಿಸಿ ತಲೆಯ ಮೇಲೆ ಹೊತ್ತುಕೊಂಡು ಅವರು ಹೋದರು. ಹೀರಾಬಾ ಚಾಳಿನ ತಿರುವಿನವರೆಗೆ ಸೆರಗನ್ನು ಹೆಗಲ ಮೇಲೆಯೇ ಬಿಟ್ಟುಕೊಂಡು ನಡೆದಳು.

ಮರುದಿನ ಮಗುವಿಗೆ ಹೆಸರಿಟ್ಟರು, ಜೇಠಾ ಎಂದು. ಮಂಗು ಹಬ್ಬದ ಊಟಕ್ಕೆ ಹೋಗಲಿಲ್ಲ. ಮೈ ಸರಿಯಿಲ್ಲ ಎಂದಳು. ಗೋರ್ಧನನೂ ರೂಖಿಬಾಳೂ ರೇವಾಳೂ ಹೋದರು. ಅವಳು ಮಾವನಿಗೆ ದಾಲ್ ಅನ್ನ ಬಡಿಸಿ, ಕಣಜದಿಂದ ಗೋಧಿ ತೆಗೆದು, ಕಲ್ಲು ಆರಿಸಲು ಕೂತಳು.

ಶಾಣಾಭಾಯಿ ಉಣ್ಣುತ್ತಾ ಉಣ್ಣುತ್ತಾ ಕೈ ತಡೆದ. ಹೊರಗೆ ಎಲ್ಲೋ ಡೋಲು ಬಾರಿಸುತ್ತಿದ್ದರು.

"ವಹು, ಇವತ್ತು ಅಷ್ಟಮಿಯಾ?"

"ಹೌದು ಬಾಪಾ."

"ಲಾಧುನ ಬಟ್ಟೆ?" ಅವನ ಮುಖದಲ್ಲಿ ಗಾಬರಿ ಇತ್ತು, ಹಳೆಯ ಶಾಣಾಭಾಯಿಯ, ಹೊತ್ತಿಗೆ ಸರಿಯಾಗಿ ಕೊಡುವವನ ಗಾಬರಿ. "ಟೀಂಬಾಯಿಯದು. ಅದನ್ನ ಇನ್ನೂ ಕೊಟ್ಟಿಲ್ಲ, ಅಲ್ವಾ?"

ಮಂಗು ಮೊರದಲ್ಲಿದ್ದ ಗೋಧಿಯನ್ನು ಒಂದು ಬದಿಗೆ ಸರಿಸಿದಳು.

"ಇಲ್ಲ ಬಾಪಾ," ಎಂದಳು. "ಇನ್ನೂ ಕೊಡೋದಿದೆ."